ಹೆಗಲು ಇಳಿಯುವ ಆ ಹೊತ್ತು

ಕಾಲೇಜು ಮೈದಾನದ ಸಂಜೆ. ಅಂತರ ಕಾಲೇಜು ಫುಟ್‌ಬಾಲ್ ಪಂದ್ಯದ ಎರಡನೇ ಅವಧಿ ಶುರುವಾಗಿ ಹತ್ತು ನಿಮಿಷವಾಗಿದೆ. ಮೂರನೇ ಗೋಲು ಬಿದ್ದಾಗ ಗೋಲ್‌ಕೀಪರ್ ಚೆಂಡನ್ನು ಎತ್ತಿಕೊಂಡು ನಡುಗೆರೆಯತ್ತ ಓಡಿದ್ದ. ನಾಲ್ಕನೆಯದು ಬಿದ್ದಾಗ ಓಡುವುದಿಲ್ಲ. ಚೆಂಡು ಬಲೆಯಲ್ಲೇ ಬಿದ್ದಿದೆ, ಅವನು ಕಂಬಕ್ಕೆ ಒರಗಿ ನಿಂತಿದ್ದಾನೆ. ಡಿಫೆಂಡರ್ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದಾನೆ. ಮೊದಲರ್ಧದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ನಾಯಕನ ದನಿ ಈಗ ಕೇಳಿಸುತ್ತಿಲ್ಲ. ಇಪ್ಪತ್ತೈದು ನಿಮಿಷದ ಆಟ ಬಾಕಿಯಿದೆ. ಗೆರೆಯಾಚೆ ನಿಂತ ಯಾರೋ ಹೇಳುತ್ತಾರೆ, ‘ಮುಗೀತು ಬಿಡು, ಕೈಚೆಲ್ಲಿದರು.’

ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಆಡಿದ್ದೇವೆ. ಕ್ರೀಡಾಪುಟಗಳಂತೂ ಇದಕ್ಕೆ ತಮ್ಮದೇ ಮಾತುಗಳನ್ನು ಕಟ್ಟಿಕೊಂಡಿವೆ: ತರಗೆಲೆಯಂತೆ ಉದುರಿದರು, ಪೆವಿಲಿಯನ್ ಪರೇಡ್ ನಡೆಸಿದರು, ಶರಣಾದರು. ಓದಲು ಸೊಗಸು. ಆದರೆ ಎಲ್ಲ ಸೋಲನ್ನೂ ಒಂದೇ ಚೀಲಕ್ಕೆ ತುಂಬಿ, ಆಡಿದವರ ಎದೆಗಾರಿಕೆಯನ್ನೇ ಅನುಮಾನಿಸುವ ಮಾತುಗಳಿವು. ಆಟದ ನಡುವೆ ತಂಡವೊಂದರ ಮನಸ್ಸು ಹೇಗೆ ಕೈಬಿಡುತ್ತದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಿದರೆ, ಅಲ್ಲಿ ಹೇಡಿತನಕ್ಕಿಂತ ಹೆಚ್ಚಾಗಿ ಕಾಣುವುದು ಬೇರೆಯದೇ ಒಂದು ಸಂಗತಿ.

ಅದನ್ನು ನೋಡಲು ಗುಜರಾತಿಗೆ ಹೋಗಬೇಕು. ಅಹಮದಾಬಾದ್, ಸೂರತ್, ವಡೋದರಾ: ಈ ಮೂರು ಊರುಗಳಲ್ಲಿ ಐದೂಕಾಲು ವರ್ಷದೊಳಗೆ ನಮ್ಮ ಕರ್ನಾಟಕದ ಕ್ರಿಕೆಟ್ ತಂಡ ಕುಸಿದದ್ದೂ ಇದೆ, ಕುಸಿಯದೆ ನಿಂತದ್ದೂ ಇದೆ.

ಸಂಕ್ರಾಂತಿಯ ದಿನದ 53 ರನ್

2024ರ ಜನವರಿ 15. ನಮ್ಮಲ್ಲಿ ಎಳ್ಳು ಬೆಲ್ಲ ಹಂಚುವ ದಿನ. ಅಹಮದಾಬಾದಿನಲ್ಲಿ ಉತ್ತರಾಯಣದ ಗಾಳಿಪಟಗಳ ಹಬ್ಬ. ಅಲ್ಲಿ ಗುಜರಾತ್ ವಿರುದ್ಧ ರಣಜಿ ಪಂದ್ಯದ ಕೊನೆಯ ದಿನ ಕರ್ನಾಟಕಕ್ಕೆ ಗೆಲ್ಲಲು ಬೇಕಿದ್ದದ್ದು 110 ರನ್.

ಅಲ್ಲಿಯವರೆಗೆ ಪಂದ್ಯ ನಮ್ಮ ಕೈಯಲ್ಲೇ ಇತ್ತು. ಗುಜರಾತ್ ಮೊದಲ ಇನಿಂಗ್ಸ್‌ನಲ್ಲಿ 264 ಗಳಿಸಿದರೆ, ನಾಯಕ ಮಯಂಕ್ ಅಗರವಾಲ್ ಅವರ ಶತಕದ ಬಲದಿಂದ ಕರ್ನಾಟಕ 374 ಮಾಡಿತ್ತು. 110 ರನ್ನಿನ ಮುನ್ನಡೆ. ಎರಡನೇ ಸರದಿಯಲ್ಲಿ ಗುಜರಾತ್ 219ಕ್ಕೆ ಮುಗಿಯಿತು. ಬೆನ್ನಟ್ಟಲು ಇಳಿದ ಮಯಂಕ್ ಮತ್ತು ದೇವದತ್ತ ಪಡಿಕ್ಕಲ್ ವಿಕೆಟ್ ಹೋಗದಂತೆ 50 ರನ್ ಸೇರಿಸಿದರು. ಇನ್ನು ಬೇಕಿದ್ದದ್ದು 60. ಹತ್ತೂ ವಿಕೆಟ್ ಕೈಯಲ್ಲಿದ್ದವು.

ಮೊದಲ ವಿಕೆಟ್ ಬಿದ್ದದ್ದು ಅದೇ 50ಕ್ಕೆ. ಅಲ್ಲಿಂದ 103ಕ್ಕೆ ಆಲೌಟ್. 53 ರನ್ ಅಂತರದಲ್ಲಿ ಹತ್ತು ವಿಕೆಟ್. ಎಡಗೈ ಸ್ಪಿನ್ನರ್ ಸಿದ್ಧಾರ್ಥ್ ದೇಸಾಯಿ 42 ರನ್ ಕೊಟ್ಟು ಏಳು ವಿಕೆಟ್ ಕಿತ್ತರು. ಗುಜರಾತ್ ಗೆದ್ದದ್ದು ಬರೀ 6 ರನ್ನಿನಿಂದ.

ಆ ದಿನ ಕರ್ನಾಟಕ ಕೈಚೆಲ್ಲಿತೆ? ನಾನು ಹಾಗೆ ಹೇಳಲಾರೆ. ಕೈಚೆಲ್ಲಿದ ತಂಡ 6 ರನ್ನಿನಿಂದ ಸೋಲುವುದಿಲ್ಲ, ಅರವತ್ತು ಎಪ್ಪತ್ತಕ್ಕೇ ಮುಗಿದುಹೋಗಿರುತ್ತದೆ. ಕೊನೆಯ ಜೋಡಿಯವರೆಗೂ ಒಂದೊಂದೇ ರನ್ ಹೆಕ್ಕುವ ಪ್ರಯತ್ನ ನಡೆದಿತ್ತು. ನಡೆದದ್ದು ಕುಸಿತ, ಶರಣಾಗತಿಯಲ್ಲ. ಇವೆರಡರ ನಡುವೆ ಗೆರೆ ಎಳೆಯದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಗೆಲುವು ಕೈಗೆಟುಕುವಷ್ಟು ಹತ್ತಿರವಿದ್ದಾಗ ಕೈ ನಡುಗುವುದು ಒಂದು ಬಗೆ. ಗೆಲುವು ಕಣ್ಮರೆಯಾದ ಮೇಲೆ ಕೈ ಜೋತುಬೀಳುವುದು ಇನ್ನೊಂದು. ಸೋಜಿಗವೆಂದರೆ, ಹೊರಗಿನಿಂದ ಬೇರೆಬೇರೆ ಕಾಣುವ ಈ ಎರಡಕ್ಕೂ ತಂಡದ ಒಳಗೆ ಒಂದೇ ಬೇರು.

ಮೊದಲು ಮೌನ

ಮೈದಾನದಲ್ಲಿ ತಂಡದ ಮನಸ್ಸು ಹೀಗೆ ಕೈಬಿಡುವಾಗ ಮೊದಲು ಸಾಯುವುದು ಮಾತು. ಸ್ವೀಡನ್ನಿನ ಎರ್ವಿನ್ ಆಪಿಟ್ಶ್ ಹ್ಯಾಂಡ್‌ಬಾಲ್ ತಂಡಗಳ ಹಠಾತ್ ಕುಸಿತವನ್ನು ಅಭ್ಯಾಸ ಮಾಡಿದವರು. ಜರ್ಮನಿಯ ವೆರ್ಗಿನ್ ಮತ್ತು ಸಂಗಡಿಗರು 2018ರಲ್ಲಿ ಅದೇ ದಾರಿಯಲ್ಲಿ ಮುಂದೆ ಹೋಗಿ, ಇಂಥ ಅನುಭವವಾದ ಆಟಗಾರರನ್ನೇ ಕೂರಿಸಿ ಕೇಳಿದರು. ಅವರು ಹೇಳಿದ್ದು ನಮ್ಮ ಕಾಲೇಜು ಹುಡುಗರಿಗೂ ಗೊತ್ತಿರುವುದೇ. ಒಂದು ತಪ್ಪು ನಡೆಯುತ್ತದೆ. ಅದರ ಬೆನ್ನಿಗೆ ಇನ್ನೊಂದು. ಒಬ್ಬ ಇನ್ನೊಬ್ಬನ ಮೇಲೆ ರೇಗುತ್ತಾನೆ, ಅವನು ಮುಖ ತಿರುಗಿಸುತ್ತಾನೆ. ಆಮೇಲೆ ಯಾರೂ ಯಾರನ್ನೂ ಕರೆಯುವುದಿಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಎಲ್ಲ ಸರಿಮಾಡಲು ಹೊರಡುತ್ತಾನೆ, ಇಲ್ಲವೆ ತನ್ನ ಪಾಲಿನ ತಪ್ಪು ಆಗದಿದ್ದರೆ ಸಾಕೆಂದು ಅಡಗುತ್ತಾನೆ. ಹನ್ನೊಂದು ಜನ ಇದ್ದಾರೆ, ತಂಡ ಇಲ್ಲ.

ಮನಸ್ಥಿತಿ ಅಂಟುರೋಗದಂತೆ ಹರಡುತ್ತದೆ ಎನ್ನುವುದು ಬರೀ ಆಡುಮಾತಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ಟಾಟರ್‌ಡೆಲ್ ವೃತ್ತಿಪರ ಕ್ರಿಕೆಟಿಗರ ಕೈಗೆ ಪುಟ್ಟ ಕಂಪ್ಯೂಟರ್ ಕೊಟ್ಟು, ಪಂದ್ಯ ನಡೆಯುತ್ತಿರುವಾಗಲೇ ಅವರ ಮನಸ್ಸು ಹೇಗಿದೆಯೆಂದು ದಾಖಲಿಸಿಕೊಂಡರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು: ಆಟಗಾರನ ಉಲ್ಲಾಸ ಜೊತೆಗಾರರ ಉಲ್ಲಾಸದೊಂದಿಗೆ ಏರಿಳಿಯುತ್ತದೆ. ಪಂದ್ಯದಲ್ಲಿ ತಂಡ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೂ ಆ ನಂಟು ಉಳಿದಿತ್ತು. ಎಂದರೆ, ಸ್ಕೋರ್‌ಬೋರ್ಡ್ ಮಾತ್ರವಲ್ಲ, ಪಕ್ಕದವನ ಮುಖವೂ ನಮ್ಮನ್ನು ಎತ್ತುತ್ತದೆ, ಇಳಿಸುತ್ತದೆ.

ಅತಿ ದೊಡ್ಡ ಪರದೆಯ ಮೇಲೆ ಲೋಕ ಇದನ್ನು ಕಂಡದ್ದು 2014ರ ಜುಲೈ 8ರಂದು, ಬೆಲೊ ಹೊರಿಜೊಂಟೆಯಲ್ಲಿ. ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಬ್ರೆಜಿಲ್ ವಿರುದ್ಧ ಮೊದಲ ಗೋಲು ಹೊಡೆದದ್ದು 11ನೇ ನಿಮಿಷದಲ್ಲಿ. ಅದು ದೊಡ್ಡ ಸಂಗತಿಯಾಗಿರಲಿಲ್ಲ. ಎರಡನೆಯದು 23ನೇ ನಿಮಿಷದಲ್ಲಿ ಬಂತು. ಆಮೇಲೆ 24, 26, 29. ಆರೇ ನಿಮಿಷದಲ್ಲಿ ನಾಲ್ಕು ಗೋಲು. ಕೊನೆಗೆ 7–1. ಆ ಹೊತ್ತಿನ ದೃಶ್ಯಗಳನ್ನು ಮತ್ತೆ ನೋಡಿದವರಿಗೆ ಬ್ರೆಜಿಲ್ ಆಟಗಾರರ ಕಾಲಿಗಿಂತ ಮುಖ ಹೆಚ್ಚು ನೆನಪುಳಿಯುತ್ತದೆ. ಎಲ್ಲರೂ ಚೆಂಡಿನ ಕಡೆಗೆ ಓಡುತ್ತಿದ್ದಾರೆ, ಯಾರೂ ಇನ್ನೊಬ್ಬರತ್ತ ನೋಡುತ್ತಿಲ್ಲ.

ಹಗ್ಗ ಎಳೆಯುವವರ ಲೆಕ್ಕ

ನಮ್ಮೂರ ಹಬ್ಬಗಳ ಹಗ್ಗಜಗ್ಗಾಟ ಗೊತ್ತಲ್ಲ? ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದರು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲು, ಅವನು ಒಂಟಿಯಾಗಿ ಎಳೆದಾಗಿನ ಬಲದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಇದಕ್ಕೊಂದು ಕಾರಣ. ಆದರೆ ಅದೊಂದೇ ಅಲ್ಲವೆಂದು 1974ರಲ್ಲಿ ಅಮೆರಿಕದ ಆಲನ್ ಇಂಗಂ ಮತ್ತು ಜೊತೆಗಾರರು ತೋರಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಬೇರೆಯವರೂ ಎಳೆಯುತ್ತಿದ್ದಾರೆಂದು ನಂಬಿಸಿದರೆ, ಹಗ್ಗದಲ್ಲಿ ನಿಜಕ್ಕೂ ಒಬ್ಬನೇ ಇದ್ದರೂ ಅವನು ಕಡಿಮೆ ಎಳೆಯುತ್ತಿದ್ದ.

ಇದು ಸೋಮಾರಿತನವಲ್ಲ. ನನ್ನ ಎಳೆತದಿಂದ ಏನಾದರೂ ಬದಲಾಗುತ್ತದೆ ಎಂಬ ಭರವಸೆ ಮಸುಕಾದಾಗ ದೇಹ ತಾನಾಗಿಯೇ ಲೆಕ್ಕ ಹಾಕುತ್ತದೆ. ನಾಲ್ಕು ಗೋಲು ಹಿಂದಿರುವ ತಂಡದ ಮಿಡ್‌ಫೀಲ್ಡರ್ ಮೂವತ್ತು ಗಜ ಹಿಂದಕ್ಕೆ ಓಡಿಬರಬೇಕು. ಜೊತೆಯವನೂ ಓಡುತ್ತಾನೆಂಬ ನಂಬಿಕೆ ಇದ್ದರೆ ಓಡುತ್ತಾನೆ. ಇಲ್ಲದಿದ್ದರೆ ನಡೆಯುತ್ತಾನೆ. ಅವನು ನಡೆಯುವುದನ್ನು ಕಂಡು ಇನ್ನೊಬ್ಬನೂ ನಡೆಯುತ್ತಾನೆ.

ಇಲ್ಲಿ ಮನಶ್ಶಾಸ್ತ್ರದ ಹಳೆಯ ಪ್ರಯೋಗವೊಂದನ್ನು ನೆನೆಯಬೇಕು. 1960ರ ದಶಕದ ಕೊನೆಯಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ಎಂಬ ಅಮೆರಿಕನ್ನರು, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಸಿಕ್ಕ ನಾಯಿಗಳನ್ನು ಆಮೇಲೆ ತಪ್ಪಿಸಿಕೊಳ್ಳಬಹುದಾದ ಜಾಗದಲ್ಲಿ ಬಿಟ್ಟರು. ತಗ್ಗಾದ ತಡೆಯೊಂದನ್ನು ಜಿಗಿದರೆ ಸಾಕಿತ್ತು. ಹಲವು ನಾಯಿಗಳು ಜಿಗಿಯದೆ ಅಲ್ಲೇ ಮಲಗಿದವು. ಅಸಹಾಯಕತೆಯನ್ನು ಅವು ಕಲಿತುಬಿಟ್ಟಿವೆ ಎಂದು ಪಠ್ಯಪುಸ್ತಕಗಳು ಹೇಳಿದವು. ಆ ಪ್ರಯೋಗದ ಕ್ರೌರ್ಯ ಇಂದು ಯಾರನ್ನಾದರೂ ನೋಯಿಸುವಂಥದು. ಆದರೆ ಅದೇ ಇಬ್ಬರು ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ತಮ್ಮ ಮಾತನ್ನೇ ತಿರುಗಿಸಿ ಬರೆದರು. ಮೇಲಿಂದ ಮೇಲೆ ಪೆಟ್ಟು ಬಿದ್ದಾಗ ಮುದುಡಿ ಕೂರುವುದು ಜೀವಿಯ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಿಲ್ಲ. ಮಿದುಳು ಕಲಿಯುವುದು ಅದರ ಎದುರಿನದನ್ನು: ನನ್ನ ಕೈಯಲ್ಲಿ ಏನೋ ಇದೆ ಎಂಬುದನ್ನು.

ತೀರಾ ಹಿಂದೆ ಬಿದ್ದ ಹುಡುಗರ ಹೆಗಲು ಇಳಿಯುವುದು ಅವರ ಜಾಯಮಾನದ ದೋಷವಲ್ಲ ಎಂದು ನಾನು ಹೇಳುವುದು ಇದರ ಮೇಲೆ ನಿಂತು. ಇಳಿಯುವುದೇ ಸಹಜ. ಇಳಿಯದಂತೆ ನೋಡಿಕೊಳ್ಳುವುದು ಕಲಿಕೆ. ಅದನ್ನು ಯಾರಾದರೂ ಕಲಿಸಬೇಕು.

ಬೇಕೆಂದೇ ಆಟ ಬಿಟ್ಟವರು

ಗೊಂದಲ ಬೇಡವೆಂದು ಒಂದು ಮಾತು. ಮನಸ್ಸು ಸೋಲುವುದು ಬೇರೆ, ಸಿಟ್ಟಿನಿಂದ ಆಟ ನಿಲ್ಲಿಸುವುದು ಬೇರೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಚೆಟ್ರಿ ಫ್ರೀ ಕಿಕ್ಕನ್ನು ಥಟ್ಟನೆ ಹೊಡೆದು ಗೋಲು ಮಾಡಿದಾಗ, ಎದುರಾಳಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಅದರ ಕೋಚ್ ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರು ಎಫ್‌ಸಿಗೆ ಹೋಯಿತು, ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. 2002ರಲ್ಲಿ ಮಡಗಾಸ್ಕರಿನ ತಂಡವೊಂದು ರೆಫರಿ ಮೇಲಿನ ಕೋಪಕ್ಕೆ ತನ್ನದೇ ಗೋಲಿಗೆ ಚೆಂಡು ಹೊಡೆಯುತ್ತಾ 149–0 ಅಂತರದಲ್ಲಿ ಸೋತಿತು. ಇಂಥ ಕಡೆ ಇಚ್ಛೆ ಸತ್ತಿರುವುದಿಲ್ಲ, ಬೇರೆ ಕಡೆ ತಿರುಗಿರುತ್ತದೆ.

ಇನ್ನು, ಕಾಲೇಜು ಆಟದ ಚರಿತ್ರೆಯಲ್ಲೇ ಎದೆ ಹಿಂಡುವ ಸೋಲೊಂದಿದೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನಲ್ಲಿ, 1916ರ ಅಕ್ಟೋಬರ್ 7ರಂದು ಅಟ್ಲಾಂಟಾದಲ್ಲಿ ಕಂಬರ್ಲೆಂಡ್ ಎಂಬ ಸಣ್ಣ ಕಾಲೇಜು ಜಾರ್ಜಿಯಾ ಟೆಕ್‌ಗೆ 222–0ಯಿಂದ ಸೋತಿತು. ಕಂಬರ್ಲೆಂಡ್ ತನ್ನ ಫುಟ್‌ಬಾಲ್ ತಂಡವನ್ನು ಆಗಲೇ ಮುಚ್ಚಿತ್ತು. ಆದರೆ ಪಂದ್ಯಕ್ಕೆ ಬಾರದಿದ್ದರೆ 3,000 ಡಾಲರ್ ದಂಡ ಕಟ್ಟಬೇಕಿತ್ತು. ಸಿಕ್ಕ ವಿದ್ಯಾರ್ಥಿಗಳನ್ನು ಸೇರಿಸಿ ಕಳಿಸಿದರು. ಅರ್ಧ ಆಟಕ್ಕೆ 126–0. ಎರಡನೇ ಅವಧಿಯನ್ನು ಮೊಟಕು ಮಾಡಿದರು. ಜಾರಿಬಿದ್ದ ಚೆಂಡನ್ನು ಎತ್ತಲು ಕಂಬರ್ಲೆಂಡ್ ಹುಡುಗರು ಒಬ್ಬರಿಗೊಬ್ಬರು ಹೇಳುತ್ತಾ ಹಿಂದೆ ಸರಿದರೆಂಬ ದಂತಕಥೆಗಳೂ ಹುಟ್ಟಿಕೊಂಡವು, ಜನ ಇಂದಿಗೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ದಂಡ ಉಳಿಸಲು ಮೈದಾನಕ್ಕೆ ತಳ್ಳಿದ ಹುಡುಗರಲ್ಲಿ ಸೆಣಸುವ ಮನಸ್ಸನ್ನು ಯಾವ ಬಾಯಿಂದ ಕೇಳುವುದು? ನಮ್ಮಲ್ಲೂ ಅಭ್ಯಾಸವಿಲ್ಲದ ಹುಡುಗರಿಗೆ ಹಿಂದಿನ ದಿನ ಜೆರ್ಸಿ ಕೊಟ್ಟು, ಕಾಲೇಜಿನ ಹೆಸರು ಪಟ್ಟಿಯಲ್ಲಿ ಇರಲಿ ಎಂದು ವಿಶ್ವವಿದ್ಯಾಲಯದ ಟೂರ್ನಿಗೆ ಕಳಿಸುವುದು ಅಪರೂಪವೇನಲ್ಲ. ಅಂಥ ತಂಡದ ಕೈ ಪಂದ್ಯಕ್ಕೆ ಮೊದಲೇ ಕಟ್ಟಿಹೋಗಿರುತ್ತದೆ.

ಕಬಡ್ಡಿ ಕಂಡುಕೊಂಡ ಉಪಾಯ

ಕೆಲವು ಆಟಗಳು ಸೋಲುತ್ತಿರುವವರ ಮನಸ್ಸನ್ನು ನಿಯಮದಲ್ಲೇ ಕಾಯುತ್ತವೆ. ಕಬಡ್ಡಿ ಅಂಥದು.

ಔಟಾದವರು ಹೊರಗೆ ಕೂತಂತೆ ತಂಡ ಕರಗುತ್ತದೆ: ಏಳು, ಐದು, ಮೂರು, ಒಬ್ಬ. ನೋಡುವವರಿಗೆ ಇನ್ನೇನು ಮುಗಿಯಿತೆನ್ನಿಸುತ್ತದೆ. ಆದರೆ ಎದುರಾಳಿಯನ್ನು ಔಟ್ ಮಾಡಿದಷ್ಟೂ ನಮ್ಮವರು ಎದ್ದು ಒಳಬರುತ್ತಾರೆ. ಎಲ್ಲರೂ ಔಟಾಗಿ ಲೋನಾ ಆದರೆ ಎದುರಾಳಿಗೆ ಎರಡು ಅಂಕ ಹೆಚ್ಚಿಗೆ ಹೋಗುತ್ತದೆ ನಿಜ, ಆದರೆ ಏಳೂ ಜನ ಮತ್ತೆ ಅಂಕಣದಲ್ಲಿ. ಪ್ರೊ ಕಬಡ್ಡಿಯಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್ ಎಂದು ಒಂದಕ್ಕೆ ಎರಡು ಅಂಕ. ಅತ್ಯಂತ ಕೆಳಗೆ ಬಿದ್ದ ಕ್ಷಣದಲ್ಲೇ ಆಟ ಏನೋ ಒಂದನ್ನು ಕೈಗಿಡುತ್ತದೆ. ಸೆಲಿಗ್‌ಮನ್, ಮಾಯರ್ ಐವತ್ತು ವರ್ಷ ತೆಗೆದುಕೊಂಡು ಬರೆದದ್ದನ್ನು ಮಣ್ಣಿನ ಅಂಕಣ ತನ್ನದೇ ರೀತಿಯಲ್ಲಿ ಎಂದೋ ಅರಿತಿತ್ತು.

2016ರ ಅಕ್ಟೋಬರ್ 22ರಂದು ಅಹಮದಾಬಾದಿನಲ್ಲೇ ಕಬಡ್ಡಿ ವಿಶ್ವಕಪ್ ಫೈನಲ್ ನಡೆಯಿತು. ಅರ್ಧ ಆಟ ಮುಗಿದಾಗ ಇರಾನ್ 18, ಭಾರತ 13. ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಗೆ ಸೋತಿತ್ತು, ಆ ನೆನಪೂ ಹಸಿಯಿತ್ತು. ಮನೆಯಂಗಳದ ಪ್ರೇಕ್ಷಕರ ಮುಂದೆ ಸೋಲುವ ಭಯ ಯಾವ ತಂಡವನ್ನಾದರೂ ಒಡೆಯಬಲ್ಲದು. ಆದರೆ ಅಜಯ್ ಠಾಕೂರ್ ಒಂದೊಂದೇ ರೈಡಿನಲ್ಲಿ ಅಂಕ ತಂದರು, ಹೊರಗೆ ಕೂತವರು ಒಬ್ಬೊಬ್ಬರಾಗಿ ಒಳಬಂದರು. 38–29ಕ್ಕೆ ಭಾರತ ಗೆದ್ದಿತು. 2019ರ ಜನವರಿ 5ರಂದು ಮುಂಬೈಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಗುಜರಾತ್ ತಂಡದ ವಿರುದ್ಧ ಬೆಂಗಳೂರು ಬುಲ್ಸ್ ಮಾಡಿದ್ದೂ ಇದನ್ನೇ. ಅರ್ಧ ಆಟಕ್ಕೆ ಹಿಂದಿದ್ದ ತಂಡ ಪವನ್ ಸೆಹ್ರಾವತ್ ಅವರ 22 ಅಂಕಗಳಿಂದ 38–33ಕ್ಕೆ ಕಪ್ ಎತ್ತಿತು.

ಫುಟ್‌ಬಾಲಿನಲ್ಲಿ ಅಂಥ ನಿಯಮವಿಲ್ಲ. ನಾಲ್ಕು ಗೋಲು ಹಿಂದಿದ್ದರೆ ಹಿಂದೆಯೇ. ಹಾಗಾಗಿ ಆ ಕೆಲಸವನ್ನು ಮನುಷ್ಯರು ಮಾಡಬೇಕಾಗುತ್ತದೆ.

ಸೂರತ್‌ನ ನಾಲ್ಕು ಎಸೆತ

ಮನುಷ್ಯರು ಅದನ್ನು ಹೇಗೆ ಮಾಡುತ್ತಾರೆಂಬುದಕ್ಕೆ ಸೂರತ್‌ನ ಲಾಲಭಾಯ್ ಕಂಟ್ರಾಕ್ಟರ್ ಮೈದಾನ ನೆನಪಾಗುತ್ತದೆ. 2019ರ ಡಿಸೆಂಬರ್ 1, ಸೈಯದ್ ಮುಷ್ತಾಕ್ ಅಲಿ ಟ್ರೋಫಿ ಫೈನಲ್. ಮನೀಶ್ ಪಾಂಡೆಯ ಅಜೇಯ 60 ರನ್ ನೆರವಿನಿಂದ ಕರ್ನಾಟಕ 180 ಮಾಡಿತ್ತು. ಕೊನೆಯ ಓವರಿನಲ್ಲಿ ತಮಿಳುನಾಡಿಗೆ 13 ಬೇಕು. ಚೆಂಡು ಕೆ. ಗೌತಮ್ ಕೈಯಲ್ಲಿ. ಆರ್. ಅಶ್ವಿನ್ ಮೊದಲ ಎರಡು ಎಸೆತಗಳನ್ನೂ ಬೌಂಡರಿಗೆ ಅಟ್ಟಿದರು.

ನಾಲ್ಕು ಎಸೆತ, ಐದು ರನ್. ಕ್ರೀಸಿನಲ್ಲಿ ಅಶ್ವಿನ್, ವಿಜಯ್ ಶಂಕರ್. ಯಾವ ಲೆಕ್ಕದಲ್ಲೂ ಪಂದ್ಯ ಜಾರಿಹೋಗಿತ್ತು. ಹೆಗಲು ಇಳಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಮೂರನೇ ಎಸೆತಕ್ಕೆ ರನ್ ಇಲ್ಲ. ನಾಲ್ಕಕ್ಕೆ ಒಂದು. ಐದಕ್ಕೆ ಒಂದು ಓಡಿ, ಎರಡನೆಯದಕ್ಕೆ ಹೊರಳಿದ ವಿಜಯ್ ಶಂಕರ್ ರನೌಟ್. ಕೊನೆಯ ಎಸೆತಕ್ಕೆ ಮೂರು ಬೇಕಿತ್ತು, ಒಂದು ಬಂತು. ಕರ್ನಾಟಕ ಒಂದು ರನ್ನಿನಿಂದ ಗೆದ್ದಿತು.

ರನೌಟ್ ಬೌಲರ್ ಒಬ್ಬನ ಕೆಲಸವಲ್ಲ. ಚೆಂಡು ಎತ್ತಿದವನು, ಎಸೆದವನು, ಬೇಲ್ಸ್ ಎಗರಿಸಿದವನು ಎಲ್ಲರೂ ಇನ್ನೂ ಆಟದೊಳಗೇ ಇದ್ದರೆ ಮಾತ್ರ ಆಗುವಂಥದ್ದು. ಎರಡು ಬೌಂಡರಿ ಹೋದ ಮೇಲೂ ಫೀಲ್ಡರ್‌ಗಳ ಕಾಲು ನೆಲಕ್ಕೆ ಅಂಟಿರಲಿಲ್ಲ ಎನ್ನುವುದೇ ನನಗೆ ಆ ಫೈನಲ್‌ನ ಮುಖ್ಯ ಸುದ್ದಿ.

ವಿರಾಮದ ಹದಿನೈದು ನಿಮಿಷ

ಮತ್ತೆ ನಮ್ಮ ಕಾಲೇಜು ಮೈದಾನಕ್ಕೆ ಬರೋಣ. ಇಂಥ ಸೋಲಿನ ಪೆಟ್ಟು ಅಲ್ಲೇ ಹೆಚ್ಚು, ಏಕೆಂದರೆ ಅಲ್ಲಿ ಆಡುವವರಿಗೆ ಹದಿನೆಂಟು ಹತ್ತೊಂಬತ್ತು ವರ್ಷ. ರಣಜಿ ಆಟಗಾರನಿಗೆ ಮುಂದಿನ ವಾರ ಇನ್ನೊಂದು ಪಂದ್ಯವಿದೆ. ಅಹಮದಾಬಾದಿನಲ್ಲಿ ಕುಸಿದ ಕರ್ನಾಟಕವೂ ಆ ಋತುವಿನಲ್ಲಿ ಕ್ವಾರ್ಟರ್‌ಫೈನಲ್ ತಲುಪಿತು. ಆದರೆ ನಾಕೌಟ್ ಮಾದರಿಯ ಅಂತರ ಕಾಲೇಜು ಟೂರ್ನಿಯಲ್ಲಿ ಒಂದು ಪಂದ್ಯ ಸೋತರೆ ಆ ವರ್ಷವೇ ಮುಗಿದಂತೆ. ಬಸ್ಸಿನಲ್ಲಿ ಹಿಂತಿರುಗುವಾಗ ಕೇಳಿದ ‘ನಾಚಿಕೆಯಾಗಬೇಕು ನಿಮಗೆ’ ಎಂಬ ಮಾತೇ ಕೆಲವರ ಕ್ರೀಡಾಜೀವನದ ಕೊನೆಯ ಮಾತಾಗಿಬಿಡುತ್ತದೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ವಿರಾಮದಲ್ಲಿ ಬೈಯುವುದರಿಂದ ರೋಷ ಉಕ್ಕುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಒಮ್ಮೊಮ್ಮೆ ಉಕ್ಕಬಹುದು. ಆದರೆ ಆಗಲೇ ಒಬ್ಬರನ್ನೊಬ್ಬರು ದೂರುತ್ತಿರುವ ತಂಡದಲ್ಲಿ, ಎಲ್ಲರೆದುರು ಒಬ್ಬನ ತಪ್ಪನ್ನು ಎತ್ತಿ ಆಡಿದರೆ ಉಳಿದವರು ಕಲಿಯುವುದು ಅಡಗುವುದನ್ನು. ಚೆಂಡು ತನ್ನ ಬಳಿ ಬಾರದಿರಲಿ ಎಂದು ಬಯಸುವ ಆಟಗಾರ ಇರುವುದಕ್ಕಿಂತ ಇಲ್ಲದಿರುವುದು ಮೇಲು.

ಆ ಹದಿನೈದು ನಿಮಿಷದಲ್ಲಿ ಬೇಕಿರುವುದು ಕೈಗೆಟುಕುವ ಅಳತೆಯ ಕೆಲಸ. 0–4ರಲ್ಲಿ ‘ಗೆಲ್ಲಬಹುದು’ ಎಂದರೆ ಯಾವ ಹುಡುಗನೂ ನಂಬುವುದಿಲ್ಲ, ನಂಬಬಾರದು ಕೂಡ. ‘ಮುಂದಿನ ಹತ್ತು ನಿಮಿಷ ಗೋಲು ಬೀಳದಂತೆ ನೋಡಿಕೊಳ್ಳೋಣ’ ಎಂದರೆ ನಂಬುತ್ತಾನೆ. ಒಂದು ಕಾರ್ನರ್ ಗಳಿಸೋಣ. ಎಡಗಡೆಯಿಂದ ಮೂರು ಪಾಸ್ ಕೂಡಿಸೋಣ. ಅದು ಆದಾಗ ಬೆಂಚಿನ ಮೇಲಿರುವವರೂ ಕೂಗಬೇಕು. ವಿಶ್ವಕಪ್ ಮತ್ತು ಯುರೋ ಕಪ್‌ಗಳ ಪೆನಾಲ್ಟಿ ಶೂಟೌಟ್‌ಗಳನ್ನು ಅಭ್ಯಾಸ ಮಾಡಿದವರು 2010ರಲ್ಲಿ ಬರೆದ ಪ್ರಕಾರ, ಗೋಲು ಹೊಡೆದು ಎರಡೂ ತೋಳೆತ್ತಿ ಸಂಭ್ರಮಿಸಿದವರ ತಂಡವೇ ಕೊನೆಗೆ ಗೆದ್ದದ್ದು ಹೆಚ್ಚು. ಇಳಿದ ಹೆಗಲು ಹರಡುವಂತೆ ಎತ್ತಿದ ತೋಳೂ ಹರಡುತ್ತದೆ.

ಎಲ್ಲಕ್ಕಿಂತ ಮೊದಲು ಮಾತು ನಿಲ್ಲಬಾರದು. ಹೆಸರು ಹಿಡಿದು ಕರೆಯುವವನೊಬ್ಬ ಮೈದಾನದಲ್ಲಿ ಇರಬೇಕು. ಅವನು ನಾಯಕನೇ ಆಗಬೇಕೆಂದಿಲ್ಲ. ಎಷ್ಟೋ ಸಲ ಅವನು ಗೋಲ್‌ಕೀಪರ್ ಆಗಿರುತ್ತಾನೆ, ಇಡೀ ಮೈದಾನ ಕಾಣುವುದು ಅವನಿಗೇ ತಾನೆ.

ವಡೋದರಾದಲ್ಲಿ ಆ ಕಡೆಯವರು

ಅಹಮದಾಬಾದಿನ ಸಂಕ್ರಾಂತಿ ಕಳೆದು ಒಂದು ವರ್ಷ ಮೂರು ದಿನಕ್ಕೆ, 2025ರ ಜನವರಿ 18ರಂದು, ವಡೋದರಾದ ಕೋಟಂಬಿ ಮೈದಾನದಲ್ಲಿ ಕರ್ನಾಟಕ ವಿಜಯ್ ಹಜಾರೆ ಟ್ರೋಫಿ ಗೆದ್ದಿತು. ನಾಯಕ ಅದೇ ಮಯಂಕ್. ಆರ್. ಸ್ಮರಣ್ ಶತಕ ಹೊಡೆದರು, ಮೊತ್ತ 348. ಎದುರಾಳಿ ವಿದರ್ಭ, ಅದರ ನಾಯಕ ನಮ್ಮವರೇ ಆದ ಕರುಣ್ ನಾಯರ್. ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡು ವಿದರ್ಭಕ್ಕೆ ಹೋದ ಅವರು ಆ ಟೂರ್ನಿಯಲ್ಲಿ ಒಟ್ಟು 779 ರನ್ ಬಾರಿಸಿದರು. ಫೈನಲ್‌ನಲ್ಲಿ 27ಕ್ಕೆ ಅವರನ್ನು ಔಟ್ ಮಾಡಿದವರು ಪ್ರಸಿದ್ಧ ಕೃಷ್ಣ.

ಬೇರೆ ತಂಡವಾಗಿದ್ದರೆ ಅಲ್ಲಿಗೇ ಹೆಗಲು ಇಳಿಯಬಹುದಿತ್ತು. ಟೂರ್ನಿಯುದ್ದಕ್ಕೂ ಹೊತ್ತು ತಂದವನೇ ಹೋದ ಮೇಲೆ ಇನ್ನೇನು? ಆದರೆ ವಿದರ್ಭದ ಧ್ರುವ್ ಶೋರಿ 110 ಮಾಡಿದರು. ಆಮೇಲೆ, ಕೆಳ ಸರದಿಯಲ್ಲಿ ಬಂದ ಹರ್ಷ್ ದುಬೆ, ಕೆಲಸ ಸ್ಪಿನ್ ಬೌಲಿಂಗ್, 30 ಎಸೆತಗಳಲ್ಲಿ 63 ಹೊಡೆದರು. ವಿದರ್ಭ 312ಕ್ಕೆ ಮುಗಿಯಿತು. ಸೋತದ್ದು 36 ರನ್ನಿನಿಂದ. ದುಬೆ ಕ್ರೀಸಿನಲ್ಲಿ ಇರುವವರೆಗೂ ಕರ್ನಾಟಕದ ಯಾವ ಫೀಲ್ಡರೂ ಕಪ್ ನಮ್ಮದಾಯಿತೆಂದು ಬೌಂಡರಿ ಗೆರೆಯಲ್ಲಿ ಆರಾಮವಾಗಿ ನಿಲ್ಲುವಂತಿರಲಿಲ್ಲ.